ಕುದುರೆ ಕಲಿಸುವ ಪಾಠ ಮತ್ತು ನಮ್ಮ ಶಾಲೆಯ ಹೊಣೆ

ಶಾಲೆಯೊಂದು ಐವತ್ತು ವರ್ಷಗಳನ್ನು ಪೂರೈಸಿದಾಗ ಹೊರಬರುವ ಸ್ಮರಣ ಸಂಚಿಕೆಯಲ್ಲಿ ಸಂಸ್ಥಾಪಕರ ತ್ಯಾಗ, ಗುರುವರ್ಯರ ನಿಷ್ಠೆ, ಉನ್ನತ ಸ್ಥಾನಗಳಿಗೇರಿದ ಹಳೆಯ ವಿದ್ಯಾರ್ಥಿಗಳ ಕೀರ್ತಿ ಇವುಗಳಿಗೆ ಮೊದಲ ಮಣೆ ದೊರೆಯುವುದು ಸಹಜವೂ ಹೌದು, ಯೋಗ್ಯವೂ ಹೌದು. ಆ ಕಾರ್ಯವನ್ನು ನನಗಿಂತ ಸಮರ್ಥರಾದವರು ಈ ಸಂಚಿಕೆಯಲ್ಲಿ ಮಾಡಿಯೇ ಇರುತ್ತಾರೆ. ನಾನಿಲ್ಲಿ ಬರೆಯಹೊರಟಿರುವುದು ಹಾಜರಿ ಪುಸ್ತಕದಲ್ಲಿ ಹೆಸರೇ ಏರದೆ ಉಳಿದ ಮಕ್ಕಳನ್ನು ಕುರಿತು. ಕತ್ತು ನಿಲ್ಲದ ಮಗು, ಐದು ವರ್ಷವಾದರೂ ಹೆಜ್ಜೆ ಇಡದ ಮಗು, ಹೆಸರು ಹಿಡಿದು ಕರೆದರೆ ತಿರುಗಿ ನೋಡದ ಮಗು, ಮಾತು ಬಾರದ ಮಗು — ಇಂತಹ ಮಕ್ಕಳು ಎಲ್ಲ ಊರುಗಳಲ್ಲಿಯೂ ಇದ್ದಾರೆ, ನಮ್ಮ ಕಣಿವೆಯ ಊರುಗಳಲ್ಲಿಯೂ ಇದ್ದಾರೆ. ಅವರ ಓರಗೆಯವರು ಪುಸ್ತಕದ ಚೀಲ ಹೊತ್ತು ಶಾಲೆಗೆ ಹೋಗುವಾಗ ಅವರು ನಡುಮನೆಯ ಚಾಪೆಯ ಮೇಲೆ ಉಳಿದುಬಿಡುತ್ತಾರೆ. ಸುವರ್ಣ ಮಹೋತ್ಸವದ ದೀಪ ಅವರ ಚಾಪೆಯವರೆಗೂ ಬೆಳಕು ಚೆಲ್ಲಬೇಕೆಂಬುದು ನನ್ನ ಆಶಯ.

ಇಂತಹ ಮಕ್ಕಳ ತಂದೆತಾಯಿಯರ ಕಿವಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಸುದ್ದಿ ಬೀಳತೊಡಗಿದೆ. ಬೆಂಗಳೂರಿನಲ್ಲಿ, ಚೆನ್ನೈಯಲ್ಲಿ, ಹೊರದೇಶಗಳಲ್ಲಿ ನೆಲೆಸಿದ ಬಂಧುಗಳು ಊರಿಗೆ ಬಂದಾಗ ಹೇಳುತ್ತಾರೆ: ಅಲ್ಲಿ ಇಂತಹ ಮಕ್ಕಳನ್ನು ಕುದುರೆಯ ಮೇಲೆ ಕೂರಿಸುತ್ತಾರಂತೆ, ಕೂರಲಾರದ ಮಗು ಕೂರುತ್ತದಂತೆ, ಮಾತನಾಡದ ಮಗು ಮಾತನಾಡುತ್ತದಂತೆ. ಕೇಳಿದ ತಾಯಿಯ ಮನಸ್ಸು ಒಂದು ಕ್ಷಣ ಅರಳುತ್ತದೆ, ಮರುಕ್ಷಣ ಬಾಡುತ್ತದೆ. ಕೊಂಬೈಯಲ್ಲಿ ಕುದುರೆ ಎಲ್ಲಿಂದ ಬರಬೇಕು? ಈ ಆಸೆ ಮತ್ತು ಈ ನಿರಾಸೆ ಎರಡನ್ನೂ ಸ್ವಲ್ಪ ಸಮಾಧಾನದಿಂದ ಪರಿಶೀಲಿಸಬೇಕಾಗಿದೆ. ಕುದುರೆಯ ನೆರವಿನ ಚಿಕಿತ್ಸೆ ಪವಾಡವಲ್ಲ, ಕಟ್ಟುಕತೆಯೂ ಅಲ್ಲ. ಅದರ ಹಿಂದಿರುವ ತತ್ತ್ವವನ್ನು ಅರಿತುಕೊಂಡರೆ, ಕುದುರೆಯಿಲ್ಲದ ಊರಿನಲ್ಲಿಯೂ ಆ ತತ್ತ್ವದ ಬಹುಭಾಗವನ್ನು ಮಗುವಿಗೆ ತಲುಪಿಸಬಹುದು ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

ಮೊದಲು ಸ್ವಲ್ಪ ಇತಿಹಾಸ. ಗ್ರೀಕ್ ಭಾಷೆಯಲ್ಲಿ ಕುದುರೆಗೆ ಹಿಪ್ಪೋಸ್ ಎಂದು ಹೆಸರು; ಆದುದರಿಂದ ಈ ಚಿಕಿತ್ಸೆಯನ್ನು ಹಿಪ್ಪೋಥೆರಪಿ ಎಂದು ಕರೆಯುತ್ತಾರೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆಗೆ 1944ರಲ್ಲಿ, ಅವರು ಗರ್ಭಿಣಿಯಾಗಿದ್ದಾಗಲೇ, ಪೋಲಿಯೊ ತಗುಲಿತು. ಮೊಣಕಾಲಿನಿಂದ ಕೆಳಗೆ ಕಾಲುಗಳಲ್ಲಿ ಶಕ್ತಿ ಉಳಿಯಲಿಲ್ಲ. ಕುದುರೆ ಹತ್ತಲೂ ಇಳಿಯಲೂ ಮತ್ತೊಬ್ಬರ ನೆರವು ಬೇಕಾಗಿದ್ದ ಆಕೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಅಶ್ವಾರೋಹಣ ಸ್ಪರ್ಧೆಯಲ್ಲಿ ಪುರುಷರೊಡನೆ ಸೆಣಸಿ ಬೆಳ್ಳಿಯ ಪದಕ ಗೆದ್ದರು. 1956ರಲ್ಲಿ ಮತ್ತೊಮ್ಮೆ ಅದೇ ಸಾಧನೆ ಮಾಡಿದರು. ನೆಲದ ಮೇಲೆ ನಡೆಯಲು ತಡಕಾಡುವ ದೇಹ ಕುದುರೆಯ ಮೇಲೆ ಸ್ಥಿರವಾಗಿ ಕೂರಬಲ್ಲದು ಎಂಬುದನ್ನು ಜಗತ್ತು ಕಣ್ಣಾರೆ ಕಂಡಿತು. ಮುಂದೆ 1960ರ ದಶಕದಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ದೇಶಗಳಲ್ಲಿ ಅಂಗಸಾಧನೆಯ ಚಿಕಿತ್ಸಕರು ಕುದುರೆಯ ನಡಿಗೆಯನ್ನು ಚಿಕಿತ್ಸೆಯ ಸಾಧನವನ್ನಾಗಿ ಬಳಸತೊಡಗಿದರು. ಬ್ರಿಟನ್ ಮತ್ತು ಅಮೆರಿಕಗಳಲ್ಲಿ 1969ರಲ್ಲಿ ಈ ಕೆಲಸಕ್ಕಾಗಿಯೇ ರಾಷ್ಟ್ರಮಟ್ಟದ ಸಂಸ್ಥೆಗಳು ಹುಟ್ಟಿಕೊಂಡವು.

ಕುದುರೆಯೇ ಏಕೆ ಎಂಬ ಪ್ರಶ್ನೆಗೆ ಉತ್ತರ ಅದರ ನಡಿಗೆಯಲ್ಲಿದೆ. ಕುದುರೆ ಓಡದೆ ಸಾವಧಾನವಾಗಿ ನಡೆಯುವಾಗ ಅದರ ಬೆನ್ನು ಮೂರು ಬಗೆಯಲ್ಲಿ ಚಲಿಸುತ್ತದೆ: ಹಿಂದು ಮುಂದಾಗಿ, ಎಡಬಲವಾಗಿ, ಮತ್ತು ತುಸುವೇ ತಿರುಚಿಕೊಂಡು. ಮನುಷ್ಯನು ನಡೆಯುವಾಗ ಅವನ ಸೊಂಟದ ಮೂಳೆಯೂ ಬಹುಮಟ್ಟಿಗೆ ಇದೇ ರೀತಿ ಚಲಿಸುತ್ತದೆ. ಆದುದರಿಂದ ಎಂದೂ ನಡೆಯದ ಮಗುವನ್ನು ಕುದುರೆಯ ಬೆನ್ನಿನ ಮೇಲೆ ಕೂರಿಸಿದಾಗ, ಕಾಲು ನೆಲಕ್ಕೆ ತಾಗದಿದ್ದರೂ, ಅದರ ಸೊಂಟ ಮತ್ತು ಬೆನ್ನುಹುರಿ ನಡಿಗೆಯ ಲಯವನ್ನು ಅನುಭವಿಸುತ್ತವೆ. ಕುದುರೆ ನಿಮಿಷಕ್ಕೆ ಸುಮಾರು ನೂರು ಹೆಜ್ಜೆ ಇಡುತ್ತದೆಂದು ಇಟ್ಟುಕೊಂಡರೆ ಅರ್ಧ ಗಂಟೆಯಲ್ಲಿ ಮೂರು ಸಾವಿರ ಸಲ ಆ ಮಗುವಿನ ದೇಹ ತನ್ನ ತೂಕವನ್ನು ಸರಿದೂಗಿಸಿಕೊಳ್ಳಬೇಕಾಗುತ್ತದೆ. ಯಾವ ಚಿಕಿತ್ಸಕನೂ ತನ್ನ ಎರಡು ಕೈಗಳಿಂದ ಇಷ್ಟೊಂದು ಬಾರಿ, ಇಷ್ಟು ಹದವಾಗಿ ಮಗುವನ್ನು ಅಲುಗಿಸಲಾರ. ಇದಲ್ಲದೆ ಕುದುರೆಯ ಮೈಯ ಶಾಖ ಸುಮಾರು 38 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮ ಮೈಯ ಶಾಖಕ್ಕಿಂತ ಸ್ವಲ್ಪ ಹೆಚ್ಚು. ಸೆರೆಬ್ರಲ್ ಪಾಲ್ಸಿಯಿಂದ ತೊಡೆಯ ಸ್ನಾಯುಗಳು ಬಿಗಿದುಕೊಂಡ ಮಗುವಿಗೆ ಆ ಬೆಚ್ಚಗಿನ ಬೆನ್ನು, ಆ ಒಂದೇ ಸಮನಾದ ತೂಗು, ಕಾಲುಗಳನ್ನು ಅಗಲಿಸಿ ಕೂರುವ ಭಂಗಿ ಇವು ಬಿಗಿತವನ್ನು ಸಡಿಲಿಸಲು ನೆರವಾಗುತ್ತವೆ.

ಇಲ್ಲಿ ಔದ್ಯೋಗಿಕ ಚಿಕಿತ್ಸೆ ಎಂಬ ಮಾತನ್ನು ಸ್ವಲ್ಪ ವಿವರಿಸಬೇಕು. ಹೆಸರನ್ನು ಕೇಳಿದ ಅನೇಕರು ಇದು ನೌಕರಿ ಕೊಡಿಸುವ ತರಬೇತಿ ಎಂದು ಭಾವಿಸುತ್ತಾರೆ. ಹಾಗಲ್ಲ. ಉಣ್ಣುವುದು, ಉಡುವುದು, ಆಡುವುದು, ಬರೆಯುವುದು ಇವೇ ಮಗುವಿನ ಉದ್ಯೋಗಗಳು. ಅರ್ಥಪೂರ್ಣವಾದ ಕೆಲಸದ ಮೂಲಕವೇ ಆ ಕೆಲಸವನ್ನು ಮಾಡುವ ಶಕ್ತಿಯನ್ನು ಬೆಳೆಸುವುದು ಈ ಶಾಸ್ತ್ರದ ಮರ್ಮ. ಭಾರತದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭಿಸಿದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಹುಟ್ಟಿ, ಈ ದೇಶದ ಸೊಸೆಯಾಗಿ ಬಂದು, ಇಲ್ಲಿಯವರೇ ಆಗಿಹೋದ ಮಹಿಳೆ. ಅಮೆರಿಕದ ಜೀನ್ ಏರ್ಸ್ ಎಂಬ ವಿದುಷಿ 1972ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸ್ಪರ್ಶ, ಸಮತೋಲ, ಸ್ನಾಯು ಮತ್ತು ಕೀಲುಗಳ ಅರಿವು ಇವೆಲ್ಲ ಮೆದುಳಿನಲ್ಲಿ ಒಂದಾಗಿ ಹೆಣೆದುಕೊಂಡಾಗಲೇ ಮಗುವಿನ ಕಲಿಕೆ ಸಾಧ್ಯವೆಂದು ವಾದಿಸಿದರು. ಕುದುರೆಯ ಬೆನ್ನಿನ ಮೇಲೆ ಈ ಮೂರೂ ಇಂದ್ರಿಯಾನುಭವಗಳು ಒಟ್ಟಿಗೆ ದೊರೆಯುತ್ತವೆ ಎಂಬ ಕಾರಣದಿಂದ ಔದ್ಯೋಗಿಕ ಚಿಕಿತ್ಸಕರು ಅದರತ್ತ ಆಕರ್ಷಿತರಾದರು.

ಆದರೆ ಕುದುರೆ ಇಲ್ಲಿ ಉಪಕರಣ ಮಾತ್ರ. ಚಿಕಿತ್ಸೆ ನೀಡುವವನು ಮನುಷ್ಯ. ಒಬ್ಬನು ಕುದುರೆಯನ್ನು ಹಿಡಿದು ನಡೆಸುತ್ತಾನೆ. ಪಕ್ಕದಲ್ಲಿ ಒಬ್ಬರೋ ಇಬ್ಬರೋ ಮಗುವಿಗೆ ಆಸರೆಯಾಗಿ ನಡೆಯುತ್ತಾರೆ. ಚಿಕಿತ್ಸಕರು ಪ್ರತಿ ಕ್ಷಣವೂ ಮಗುವಿನ ತಲೆ, ಹೆಗಲು, ಸೊಂಟಗಳನ್ನು ಗಮನಿಸುತ್ತ ಕುದುರೆಯನ್ನು ನಿಲ್ಲಿಸಬೇಕೆ, ತಿರುಗಿಸಬೇಕೆ, ವೇಗ ಹೆಚ್ಚಿಸಬೇಕೆ ಎಂದು ನಿರ್ಧರಿಸುತ್ತಾರೆ. ಕೆಲವೊಮ್ಮೆ ಮಗುವನ್ನು ಹಿಮ್ಮುಖವಾಗಿ ಕೂರಿಸುತ್ತಾರೆ. ಕೆಲವೊಮ್ಮೆ ಕೈಗೊಂದು ಬಳೆ ಕೊಟ್ಟು ಕುದುರೆಯ ಕಿವಿಯತ್ತ ಚಾಚಿಸುತ್ತಾರೆ. ನೋಡುವವರಿಗೆ ಅದು ಆಟ. ಮಗುವಿಗೂ ಅದು ಆಟವೇ. ಚಿಕಿತ್ಸಕರಿಗೆ ಮಾತ್ರ ಅದು, ನಾಳೆ ಈ ಮಗು ಅಂಗಿಯ ತೋಳಿನೊಳಗೆ ಕೈ ತೂರಿಸಬೇಕು ಎಂಬ ಗುರಿಯ ಕಡೆಗೆ ಇಟ್ಟ ಒಂದು ಹೆಜ್ಜೆ.

ಸ್ವಲೀನತೆ ಅಥವಾ ಆಟಿಸಂ ಇರುವ ಮಕ್ಕಳ ವಿಷಯದಲ್ಲಿ ಕುದುರೆ ಬೇರೊಂದು ರೀತಿಯಲ್ಲಿ ನೆರವಾಗುವಂತೆ ಕಾಣುತ್ತದೆ. ಕುದುರೆ ಪ್ರಶ್ನೆ ಕೇಳುವುದಿಲ್ಲ, ಅವಸರಪಡಿಸುವುದಿಲ್ಲ, ಕಣ್ಣಿಗೆ ಕಣ್ಣಿಟ್ಟು ನೋಡೆಂದು ಗದರುವುದಿಲ್ಲ. ಆದರೆ ಸರಿಯಾದ ಸಂಜ್ಞೆ ಕೊಡದೆ ಕದಲುವುದೂ ಇಲ್ಲ. ನಾನೂರು ಐನೂರು ಕಿಲೋಗ್ರಾಂ ತೂಗುವ ಪ್ರಾಣಿಯೊಂದು ತನ್ನ ಒಂದು ಸದ್ದಿಗೆ, ಒಂದು ತಟ್ಟಿಗೆ ಹೊರಡುತ್ತದೆ ಎಂಬ ಅರಿವು, ಮಾತಿನಿಂದ ಏನೂ ಆಗದು ಎಂದು ಕೈಚೆಲ್ಲಿದ್ದ ಮಗುವಿಗೆ ಎಷ್ಟು ದೊಡ್ಡ ಸಂಗತಿಯೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಅಮೆರಿಕದ ಕೊಲರಾಡೋ ಪ್ರಾಂತ್ಯದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 6ರಿಂದ 16 ವರ್ಷದ, ಆಟಿಸಂ ಇರುವ 127 ಮಕ್ಕಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಹತ್ತು ವಾರ ಕುದುರೆ ಸವಾರಿಯನ್ನೂ ಇನ್ನೊಂದಕ್ಕೆ ಸಜೀವ ಕುದುರೆಯಿಲ್ಲದ ಚಟುವಟಿಕೆಗಳನ್ನೂ ಕಲಿಸಲಾಯಿತು. ಸವಾರಿ ಮಾಡಿದ ಮಕ್ಕಳಲ್ಲಿ ಸಿಡುಕು ಮತ್ತು ಅತಿಚಟುವಟಿಕೆ ಕಡಿಮೆಯಾದುದೂ, ಆಡುವ ಮಾತುಗಳ ಸಂಖ್ಯೆ ಹೆಚ್ಚಿದುದೂ ಕಂಡುಬಂತು. ಇದು ಚಿಕಿತ್ಸಕರ ಕೈಯ ಹಿಪ್ಪೋಥೆರಪಿಯಲ್ಲ, ಸವಾರಿ ಕಲಿಸುವ ಪದ್ಧತಿ ಎಂಬ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು. ಸೆರೆಬ್ರಲ್ ಪಾಲ್ಸಿಯ ಮಕ್ಕಳ ವಿಷಯದಲ್ಲಿ ಕೂರುವ ಭಂಗಿ ಮತ್ತು ಸಮತೋಲಗಳು ಸುಧಾರಿಸುತ್ತವೆ ಎಂಬುದಕ್ಕೆ ಸಾಕಷ್ಟು ಆಧಾರಗಳಿವೆ. ಆ ಸುಧಾರಣೆ ದೀರ್ಘಕಾಲ ಉಳಿಯುತ್ತದೆ ಎಂಬುದಕ್ಕೆ ಆಧಾರಗಳು ಇನ್ನೂ ತೆಳುವಾಗಿಯೇ ಇವೆ. ಆಟಿಸಂ ಆಗಲಿ ಸೆರೆಬ್ರಲ್ ಪಾಲ್ಸಿಯಾಗಲಿ ಕುದುರೆಯಿಂದ ಗುಣವಾಗಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಗೆ ದೂರದಿಂದಲೇ ಕೈಮುಗಿಯುವುದು ಲೇಸು.

ಎಚ್ಚರಿಕೆಯ ಮಾತೊಂದನ್ನು ಇಲ್ಲಿಯೇ ಹೇಳಬೇಕು. ನಮಗೆ ಸಮೀಪದಲ್ಲಿ ಕುದುರೆಗಳನ್ನು ಕಾಣಬೇಕಾದರೆ ಕೊಡೈಕನಾಲ್ ಬೆಟ್ಟ ಹತ್ತಬೇಕು. ಅಲ್ಲಿಯ ಕೆರೆಯ ಸುತ್ತ ಪ್ರವಾಸಿಗರಿಗಾಗಿ ಬಾಡಿಗೆ ಕುದುರೆಗಳು ನಿಂತಿರುತ್ತವೆ. ಮಕ್ಕಳ ಸಂತೋಷಕ್ಕಾಗಿ ಒಂದು ಸುತ್ತು ಹೋಗಿಬರುವುದು ಬೇರೆ. ಕತ್ತು ನಿಲ್ಲದ ಮಗುವನ್ನು ಚಿಕಿತ್ಸೆಯೆಂದು ನಂಬಿ ಅದರ ಮೇಲೆ ಕೂರಿಸುವುದು ಬೇರೆ. ಡೌನ್ ಸಿಂಡ್ರೋಂ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ಕೀಲು ಸಡಿಲವಾಗಿರುತ್ತದೆ. ಅಂತಹ ಮಗುವಿಗೆ ಒಂದು ಕುಲುಕಾಟವೂ ಅಪಾಯಕಾರಿ. ಹತೋಟಿಗೆ ಬಾರದ ಮೂರ್ಛೆರೋಗ, ಜಾರಿದ ಸೊಂಟದ ಕೀಲು, ತೀವ್ರವಾಗಿ ಬಾಗಿದ ಬೆನ್ನೆಲುಬು ಇವಿರುವ ಮಕ್ಕಳಿಗೂ ಕುದುರೆ ತಕ್ಕುದಲ್ಲ. ಕುದುರೆಯ ಲದ್ದಿಯಿರುವ ನೆಲದಲ್ಲಿ ಧನುರ್ವಾಯುವಿನ ಭಯವೂ ಉಂಟು. ಇನ್ನು ಆ ಕುದುರೆಯ ಪಾಡು! ದಿನವಿಡೀ ದುಡಿದು ಬಳಲಿದ, ವಾಹನದ ಸದ್ದಿಗೆ ಬೆಚ್ಚುವ ಪ್ರಾಣಿಯಿಂದ ಚಿಕಿತ್ಸೆಯನ್ನು ನಿರೀಕ್ಷಿಸುವುದು ಆ ಮೂಕಪ್ರಾಣಿಗೂ ಮಾಡುವ ಅನ್ಯಾಯ. ಈ ಕೆಲಸದ ಕುದುರೆಯನ್ನು ಅದರ ಸ್ವಭಾವ, ನಡಿಗೆಯ ಸಮತೆ, ವಯಸ್ಸು ಇವುಗಳನ್ನು ನೋಡಿ ಆರಿಸಿ ಬಹುಕಾಲ ಪಳಗಿಸಬೇಕು.

ಕುದುರೆಗಳೇ ಇಲ್ಲದ ನಾಡು ನಮ್ಮದಲ್ಲ. ಕರ್ನಾಟಕದ ಕುಣಿಗಲ್‌ನಲ್ಲಿ ಟಿಪ್ಪುವಿನ ಕಾಲದಿಂದಲೂ ಹೆಸರಾದ ಅಶ್ವಪಾಲನ ಕ್ಷೇತ್ರವಿದೆ. ಮೈಸೂರಿನಲ್ಲಿ ದಸರೆಯ ಮೆರವಣಿಗೆಗೆ ಶೋಭೆ ತರುವ ಅಶ್ವಾರೋಹಿ ಪೊಲೀಸ್ ದಳವಿದೆ. ಅದೇ ಮೈಸೂರಿನಲ್ಲಿ ಮಾತು ಮತ್ತು ಶ್ರವಣ ದೋಷಗಳಿಗಾಗಿ 1960ರ ದಶಕದಲ್ಲಿ ಸ್ಥಾಪನೆಯಾದ ಅಖಿಲ ಭಾರತ ಸಂಸ್ಥೆಯೂ ಇದೆ. ಕುದುರೆ ಬಲ್ಲವರೂ ಮಗುವಿನ ನರವ್ಯೂಹ ಬಲ್ಲವರೂ ಒಂದೇ ಊರಿನಲ್ಲಿರುವಾಗ, ಸೇವೆಯಿಂದ ನಿವೃತ್ತವಾದ ಸಾಧುಸ್ವಭಾವದ ಕುದುರೆಗಳನ್ನು ಆರಿಸಿ, ಹೊಸದಾಗಿ ಪಳಗಿಸಿ, ತಜ್ಞರ ಉಸ್ತುವಾರಿಯಲ್ಲಿ ಇಂತಹ ಕೇಂದ್ರವೊಂದನ್ನು ಸರ್ಕಾರದ ವೆಚ್ಚದಲ್ಲಿ ನಡೆಸುವುದು ಅಸಾಧ್ಯವಾದ ಮಾತಲ್ಲ. ಬೆಂಗಳೂರು, ಚೆನ್ನೈಗಳಲ್ಲಿ ಅಲ್ಲಲ್ಲಿ ನಡೆದಿರುವ ಪ್ರಯತ್ನಗಳು ಉಳ್ಳವರ ಮಕ್ಕಳಿಗಷ್ಟೇ ಸೀಮಿತವಾಗಬಾರದು ಎಂಬುದೇ ಈ ಸಲಹೆಯ ಉದ್ದೇಶ. ತಮಿಳುನಾಡಿನ ಹಳ್ಳಿಗಳ ಗಡಿಯಲ್ಲಿ ಅಯ್ಯನಾರ್ ದೇವರಿಗೆ ಹರಕೆಯಾಗಿ ಒಪ್ಪಿಸಿದ ಮಣ್ಣಿನ ಕುದುರೆಗಳು ಸಾಲಾಗಿ ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಅವುಗಳಲ್ಲಿ ಮಕ್ಕಳ ಕ್ಷೇಮಕ್ಕಾಗಿ ಹೊತ್ತ ಹರಕೆಗಳೂ ಇವೆ. ಆ ಭಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಹರಕೆಯ ಜೊತೆಗೆ ಸಕಾಲದ ಚಿಕಿತ್ಸೆಯೂ ಸೇರಲಿ ಎಂದಷ್ಟೇ ಕೋರುತ್ತೇನೆ.

ಆದರೆ ಮೈಸೂರಿನಲ್ಲಿ ಕುದುರೆ ಸಿದ್ಧವಾಗುವವರೆಗೆ ಕೊಂಬೈಯ ಮಗು ಕಾಯಬೇಕೇ? ಕಾಯಬೇಕಾಗಿಲ್ಲ. ಕುದುರೆಯಿಂದ ಮಗುವಿಗೆ ದೊರೆಯುವುದೇನೆಂಬುದನ್ನು ಬಿಡಿಸಿ ನೋಡೋಣ. ಒಂದು, ಲಯಬದ್ಧವಾದ ಚಲನೆ. ಎರಡು, ಅವಸರವಿಲ್ಲದ ಜೀವಿಯೊಂದರ ಸಾಂಗತ್ಯ. ಮೂರು, ಮಗುವಿಗೆ ಅರ್ಥವುಳ್ಳದ್ದೆಂದು ತೋರುವ ಕೆಲಸ. ನಾಲ್ಕು, ಇವು ಮೂರನ್ನೂ ಗುರಿಯತ್ತ ನಡೆಸುವ ಬಲ್ಲವರ ಕಣ್ಣು. ಮೊದಲಿನ ಮೂರು ನಮ್ಮ ಮನೆಗಳಲ್ಲಿಯೇ ಉಂಟು. ಸೀರೆಯ ಜೋಲಿ, ಉಯ್ಯಾಲೆ, ಅಜ್ಜನ ಹೆಗಲು ಇವು ಲಯವನ್ನು ಕೊಡುತ್ತವೆ. ಕಾಳು ಆರಿಸುವುದು, ಹೂವು ಕಟ್ಟುವುದು, ರಾಗಿಯ ಹಿಟ್ಟು ನಾದುವುದು, ಕರುವಿಗೆ ಹುಲ್ಲು ಹಿಡಿಯುವುದು ಇವು ಬೆರಳಿಗೂ ಮನಸ್ಸಿಗೂ ಕೆಲಸ ಕೊಡುತ್ತವೆ. ಕೊರತೆಯಿರುವುದು ನಾಲ್ಕನೆಯದರಲ್ಲಿ. ಯಾವ ಮಗುವಿಗೆ ಎಷ್ಟು ತೂಗಬೇಕು, ಯಾವ ಭಂಗಿಯಲ್ಲಿ ಕೂರಿಸಬೇಕು, ಯಾವ ಕೆಲಸ ಕೊಡಬೇಕು ಎಂದು ತಿಳಿಸುವ ಔದ್ಯೋಗಿಕ ಚಿಕಿತ್ಸಕರು ವಾರಕ್ಕೊಮ್ಮೆಯಾದರೂ ಬಂದು ತಾಯಿಗೆ ಕಲಿಸಿಕೊಟ್ಟರೆ, ಉಳಿದ ಆರು ದಿನವೂ ಮನೆಯೇ ಚಿಕಿತ್ಸಾಲಯವಾಗುತ್ತದೆ.

ಪ್ರಾಣಿಯ ಸಾಂಗತ್ಯವನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಈ ಊರಿನ ಹೆಸರನ್ನು ಹೊತ್ತ ನಾಯಿಯ ತಳಿ ದೇಶದಲ್ಲೆಲ್ಲ ಪ್ರಸಿದ್ಧವಾಗಿದೆ. ಕಂಬಂ ಪಟ್ಟಣದ ನಂದಗೋಪಾಲಸ್ವಾಮಿಯ ಗುಡಿಯಲ್ಲಿ ನಮ್ಮ ಜನ ದೇವರೆಂದು ಸಾಕಿಕೊಂಡು ಬಂದ ಗೋಸಮೂಹವಿದೆ. ತಮಿಳರು ಅದನ್ನು ತಂಬಿರಾನ್ ಮಾಡು ಎನ್ನುತ್ತಾರೆ. ನಮ್ಮ ಹಿರಿಯರ ಬಾಯಲ್ಲಿ ಅದು ದೇವರ ಆವು. ಆ ಹಿಂಡಿಗೆ ಪಟ್ಟದ ಹೋರಿಯನ್ನು ಮನುಷ್ಯರು ತಾವಾಗಿ ನೇಮಿಸುವ ಪದ್ಧತಿಯಿರಲಿಲ್ಲವೆಂದು ಹಳೆಯ ದಾಖಲೆಗಳು ಹೇಳುತ್ತವೆ. ಹೋರಿಗಳ ಮುಂದೆ ಕಬ್ಬಿನ ಕಟ್ಟನ್ನಿಟ್ಟು, ಯಾವುದು ತಾನಾಗಿ ಮೊದಲು ಬಂದು ಬಾಯಿ ಹಾಕುವುದೋ ಅದಕ್ಕೆ ಪಟ್ಟ ಕಟ್ಟುತ್ತಿದ್ದರು. ಒಂದು ಮೂಕಪ್ರಾಣಿಯ ಇಷ್ಟಕ್ಕಾಗಿ ಊರೇ ಕೈಕಟ್ಟಿ ಕಾದು ನಿಲ್ಲುವಷ್ಟು ತಾಳ್ಮೆ ನಮ್ಮ ಹಿರಿಯರಿಗಿತ್ತು. ವಿಶೇಷ ಮಗುವಿನ ಜೊತೆ ಬೇಕಾದುದೂ ಅದೇ ತಾಳ್ಮೆ. ಹೋರಿಯ ಮೇಲೆ ಮಗುವನ್ನು ಕೂರಿಸಿರೆಂದು ನಾನು ಹೇಳುತ್ತಿಲ್ಲ. ಅದು ಅಪಾಯ, ಅವಿವೇಕ. ದೇವರ ಆವಿನ ಮುಂದೆ ಕಾಯಬಲ್ಲ ಜನ ತಮ್ಮ ಮನೆಯ ಮಗುವಿನ ಮುಂದೆ ಏಕೆ ಕಾಯಲಾರರು ಎಂದು ಕೇಳುತ್ತಿದ್ದೇನೆ.

ಕನ್ನಡ ಶಾಲೆಯ ಸಂಚಿಕೆಯಲ್ಲಿ ಹೇಳಲೇಬೇಕಾದ ಮತ್ತೊಂದು ವಿಷಯ ಭಾಷೆಯದು. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್. ಮಾತು ತಡವಾದ ಮಗುವನ್ನು ತೋರಿಸಲು ಹೋದ ತಾಯಿಗೆ, ‘ಮನೆಯಲ್ಲಿ ಆ ಭಾಷೆ ಬಿಟ್ಟುಬಿಡಿ, ಒಂದೇ ಭಾಷೆ ಆಡಿ’ ಎಂಬ ಉಪದೇಶ ಎಷ್ಟೋ ಕಡೆ ದೊರೆಯುತ್ತದೆ. ಎರಡು ಭಾಷೆಗಳ ನಡುವೆ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ. ಆಟಿಸಂ ಇರುವ ಮಗುವಿನ ಮಾತು ಅದರಿಂದಾಗಿ ಇನ್ನಷ್ಟು ಹಿಂದುಳಿಯುವುದೂ ಇಲ್ಲ ಎಂದು ಅನೇಕ ಅಧ್ಯಯನಗಳು ತೋರಿಸಿಕೊಟ್ಟಿವೆ. ತಾಯಿ ತನಗೆ ಸಲೀಸಾಗಿ ಬಾರದ ಭಾಷೆಯಲ್ಲಿ ಮಗುವಿನೊಡನೆ ತೊದಲತೊಡಗಿದರೆ ನಷ್ಟವಾಗುವುದು ಮಗುವಿಗೇ. ಲಾಲಿ ನಿಲ್ಲುತ್ತದೆ, ಅಜ್ಜಿಯ ಕತೆ ನಿಲ್ಲುತ್ತದೆ, ಕೊನೆಗೆ ಮನೆಯವರ ಹರಟೆಯೇ ಮಗುವಿಗೆ ಪರಕೀಯವಾಗುತ್ತದೆ. ಪರದೇಶದ ಅಶ್ವಕೇಂದ್ರಗಳಲ್ಲಿ ಕುದುರೆಗೆ ‘ನಡೆ’, ‘ನಿಲ್ಲು’ ಎಂದು ಹೇಳುವಂತೆ ಮಗುವನ್ನು ಪ್ರೋತ್ಸಾಹಿಸುತ್ತಾರೆ. ಆ ಎರಡು ಮಾತುಗಳನ್ನು ನಮ್ಮ ಮಗು ಕರುವಿನ ಮುಂದೆ ನಿಂತು ಕನ್ನಡದಲ್ಲಿಯೇ ಕಲಿಯಬಹುದು. ಚಿಕಿತ್ಸಕರು ತಮಿಳರಾದರೂ ಚಿಂತೆಯಿಲ್ಲ. ಅವರ ಪಕ್ಕದಲ್ಲಿ ಕನ್ನಡ ಬಲ್ಲ ಶಿಕ್ಷಕಿಯೊಬ್ಬರು ಕುಳಿತರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ಕಾಲ. ಮೊದಲ ಮೂರು ವರ್ಷಗಳಲ್ಲಿ ಮೆದುಳು ಬೆಳೆಯುವ ವೇಗ ಮತ್ತೆಂದೂ ಬಾರದು. ನಾಲ್ಕು ತಿಂಗಳಿಗೆ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂರದಿದ್ದರೆ, ವರ್ಷ ತುಂಬಿದರೂ ಹೆಸರು ಕರೆದಾಗ ಓಗೊಡದಿದ್ದರೆ, ಹದಿನೆಂಟು ತಿಂಗಳಿಗೆ ನಡೆಯದಿದ್ದರೆ ಪರೀಕ್ಷೆ ಮಾಡಿಸಲೇಬೇಕು. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಆ ಸಮಾಧಾನ ಎಷ್ಟೋ ಮಕ್ಕಳ ಅಮೂಲ್ಯವಾದ ವರ್ಷಗಳನ್ನು ನುಂಗಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಂದಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಶಾಲೆಗಳಲ್ಲಿ ಪರೀಕ್ಷಿಸಿ, ಬೆಳವಣಿಗೆಯಲ್ಲಿ ಹಿಂದುಳಿದವರನ್ನು ಜಿಲ್ಲಾ ಮಟ್ಟದ ಕೇಂದ್ರಗಳಿಗೆ ಕಳುಹಿಸುವ ಏರ್ಪಾಡಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಅಡಿಯ ನಿರಾಮಯ ವಿಮೆಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಸಾಮರ್ಥ್ಯ ಉಳ್ಳವರಿಗೆ ಒಂದು ಲಕ್ಷ ರೂಪಾಯಿಯವರೆಗೆ ನೆರವುಂಟು. ನಿಯಮಿತ ಚಿಕಿತ್ಸೆಯ ವೆಚ್ಚವೂ ಅದರಲ್ಲಿ ಸೇರಿದೆ. ಈ ಸಂಗತಿಗಳನ್ನು ಅರಿಯದ ಕುಟುಂಬಗಳಿಗೆ ತಿಳಿಸಿ, ಅರ್ಜಿ ಬರೆದುಕೊಡುವುದು ಹಳೆಯ ವಿದ್ಯಾರ್ಥಿಗಳು ನಾಳೆಯೇ ಕೈಗೊಳ್ಳಬಹುದಾದ ಸೇವೆ.

ಹಳ್ಳಿಗಾಡಿನಲ್ಲಿ ಇದೆಲ್ಲ ನಡೆಯದು ಎನ್ನುವವರಿಗೆ ನಾನು ತೆಂಕಾಶಿಯ ಬಳಿಯ ಆಯ್ಕುಡಿಯನ್ನು ತೋರಿಸುತ್ತೇನೆ. ಇಂಜಿನಿಯರಿಂಗ್ ವಿದ್ಯಾರ್ಥಿಯಾಗಿದ್ದ ಎಸ್. ರಾಮಕೃಷ್ಣನ್ ಅವರು 1975ರಲ್ಲಿ ಬೆಂಗಳೂರಿನಲ್ಲಿ ನಡೆದ ನೌಕಾದಳದ ಆಯ್ಕೆ ಪರೀಕ್ಷೆಯಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಕತ್ತಿನಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ತಮ್ಮ ಹಳ್ಳಿಗೆ ಮರಳಿದ ಅವರು 1981ರಲ್ಲಿ ಅಮರ್ ಸೇವಾ ಸಂಗಮ್ ಎಂಬ ಸಂಸ್ಥೆಯನ್ನು ಕಟ್ಟಿದರು. ಇಂದು ಆ ಸಂಸ್ಥೆಯ ಕಾರ್ಯಕರ್ತೆಯರು ಹಳ್ಳಿಹಳ್ಳಿಗೆ ಹೋಗಿ, ಮನೆಯ ಜಗುಲಿಯ ಮೇಲೆ ಕುಳಿತು, ತಜ್ಞರ ಮಾರ್ಗದರ್ಶನದಲ್ಲಿ ಎಳೆಯ ಮಕ್ಕಳಿಗೆ ತರಬೇತಿ ನೀಡುತ್ತಾರೆ. ರಾಮಕೃಷ್ಣನ್ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಆಯ್ಕುಡಿಯೂ ನಮ್ಮಂತೆಯೇ ಪಶ್ಚಿಮ ಘಟ್ಟದ ತಪ್ಪಲಿನ ಊರು. ನಮ್ಮಂತೆಯೇ ದೊಡ್ಡ ನಗರದಿಂದ ದೂರವಿರುವ ಊರು. ಅಲ್ಲಿ ಆದುದು ಇಲ್ಲಿ ಆಗಬಾರದೇಕೆ?

ಇಂತಹ ಮಕ್ಕಳನ್ನು ತರಗತಿಗೆ ಸೇರಿಸಿಕೊಂಡರೆ ಉಳಿದವರ ಓದು ಕೆಡುತ್ತದೆ ಎಂಬ ಆಕ್ಷೇಪವನ್ನು ನಾನು ಬಲ್ಲೆ. ಒಬ್ಬ ಶಿಕ್ಷಕಿ, ನಲವತ್ತು ಮಕ್ಕಳು; ಅವರ ನಡುವೆ ಕುಳಿತಲ್ಲಿ ಕೂರದ ಮಗುವೊಂದು ಬಂದರೆ ಕಷ್ಟವೇ. ಈ ಆಕ್ಷೇಪ ದುಷ್ಟತನದಿಂದ ಹುಟ್ಟಿದ್ದಲ್ಲ, ನೆರವಿನ ಕೊರತೆಯಿಂದ ಹುಟ್ಟಿದ್ದು. ನೆರವು ಬಂದರೆ ಆಕ್ಷೇಪ ತಾನಾಗಿ ಕರಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ, 6ರಿಂದ 18 ವರ್ಷದ ಪ್ರತಿ ಮಗುವಿಗೂ ಮನೆಗೆ ಸಮೀಪದ ಶಾಲೆಯಲ್ಲಾಗಲಿ, ತನಗೆ ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ಅದು ನೀಡಿದೆ. ಆದರೆ ಕಾಯಿದೆ ಬಾಗಿಲನ್ನು ತೆರೆಸಬಲ್ಲದು. ಒಳಗೆ ಬಂದ ಮಗುವಿಗೆ ‘ಬಾ, ಕೂತುಕೋ’ ಎನ್ನುವ ದನಿಯನ್ನು ಅದು ಕೊಡಲಾರದು. ಆ ದನಿ ನಮ್ಮದಾಗಬೇಕು.

ಆದುದರಿಂದ ಶಾಲೆಯ ಆಡಳಿತ ಮಂಡಳಿಯವರ ಮತ್ತು ಹಳೆಯ ವಿದ್ಯಾರ್ಥಿಗಳ ಮುಂದೆ ನಾಲ್ಕು ಸೂಚನೆಗಳನ್ನು ವಿನಯಪೂರ್ವಕವಾಗಿ ಇಡುತ್ತಿದ್ದೇನೆ. ಮೊದಲನೆಯದಾಗಿ, ಸುವರ್ಣ ಮಹೋತ್ಸವದ ನೆನಪಿಗಾಗಿ ಕಮಾನು ಕಟ್ಟಿಸುವ ಆಲೋಚನೆ ಇದ್ದರೆ ಅದರ ಬದಲು ಒಂದು ಕೋಣೆಯನ್ನು ಮೀಸಲಿಡೋಣ. ಅದರಲ್ಲಿ ಉಯ್ಯಾಲೆ, ಚಾಪೆ, ದೊಡ್ಡ ಚೆಂಡು, ತಗ್ಗಿನ ಮೇಜು ಇಷ್ಟಿದ್ದರೆ ಆರಂಭಕ್ಕೆ ಸಾಕು. ಎರಡನೆಯದಾಗಿ, ಔದ್ಯೋಗಿಕ ಚಿಕಿತ್ಸಕರೊಬ್ಬರು ವಾರಕ್ಕೊಂದು ದಿನ ಬಂದುಹೋಗುವ ವೆಚ್ಚವನ್ನು ಹೊರಗೆ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಸರದಿಯಂತೆ ವಹಿಸಿಕೊಳ್ಳಲಿ. ಮೂರನೆಯದಾಗಿ, ಶಿಕ್ಷಕಿಯರಲ್ಲಿ ಒಬ್ಬರಿಗಾದರೂ ವಿಶೇಷ ಶಿಕ್ಷಣದ ತರಬೇತಿ ಕೊಡಿಸೋಣ. ನಾಲ್ಕನೆಯದಾಗಿ, ಶಾಲೆಯ ಮೆಟ್ಟಿಲಿನ ಪಕ್ಕದಲ್ಲಿ ಗಾಲಿಕುರ್ಚಿ ಹತ್ತುವ ಇಳಿಜಾರೊಂದನ್ನೂ ಅಂತಹ ಮಕ್ಕಳು ಬಳಸಬಹುದಾದ ಶೌಚಾಲಯವೊಂದನ್ನೂ ಕಟ್ಟಿಸೋಣ. ಇವುಗಳಿಗಾಗುವ ವೆಚ್ಚ ಒಂದು ಅದ್ದೂರಿ ಸಮಾರಂಭದ ವೆಚ್ಚಕ್ಕಿಂತ ಹೆಚ್ಚಾಗಲಾರದೆಂದು ನನ್ನ ನಂಬಿಕೆ.

ಮುಂದೊಂದು ದಿನ ಮೈಸೂರಿನಲ್ಲಿಯೋ ಮದುರೆಯಲ್ಲಿಯೋ ಸುಸಜ್ಜಿತವಾದ ಅಶ್ವಚಿಕಿತ್ಸಾ ಕೇಂದ್ರ ತಲೆಯೆತ್ತಿದರೆ ಸಂತೋಷ. ನಮ್ಮ ಮಕ್ಕಳೂ ಅಲ್ಲಿಗೆ ಹೋಗಿಬರಲಿ. ಆದರೆ ಅಂದು ಕುದುರೆಯ ಮೇಲೆ ಭದ್ರವಾಗಿ ಕೂರಬೇಕಾದ ಮಗು ಇಂದು ಚಾಪೆಯ ಮೇಲೆ ಕೂರುವುದನ್ನು ಕಲಿತಿರಬೇಕು. ಕುದುರೆಗೆ ‘ನಡೆ’ ಎನ್ನಬೇಕಾದ ಮಗು ಇಂದು ತಾಯಿಗೆ ‘ಬಾ’ ಎನ್ನುವುದನ್ನು ಕಲಿತಿರಬೇಕು. ಆ ಕಲಿಕೆಗೆ ಬೇಕಾದ ಕೋಣೆ, ಕಾಲ, ಕೈಗಳನ್ನು ಒದಗಿಸುವುದು ಶಾಲೆಯ ಕೆಲಸ. ಮುಂದಿನ ಐವತ್ತು ವರ್ಷಗಳ ಹಾಜರಿ ಪುಸ್ತಕವನ್ನು ತೆರೆಯುವಾಗ, ಮೊದಲ ಪುಟದಲ್ಲಿಯೇ ಅಂತಹ ಒಂದೆರಡು ಹೆಸರುಗಳು ಇರುವಂತಾಗಲಿ.